ಬಚ್ಚಲುಮನೆಯ ನೆಲದಲ್ಲಿ ನೀರು ನಿಲ್ಲದಂತೆ ಮಾಡುವುದು ಹೇಗೆ: ಟ್ರ್ಯಾಪ್‌ನಿಂದ ಟೈಲ್ಸ್‌ವರೆಗೆ

ಸ್ನಾನ ಮುಗಿದು ಅರ್ಧ ಗಂಟೆಯಾದರೂ ಮೂಲೆಯಲ್ಲಿ ನೀರು ನಿಂತೇ ಇದ್ದರೆ ಬೈಗುಳ ಬೀಳುವುದು ಟೈಲ್ಸ್ ಮೇಸ್ತ್ರಿಗೆ. ಬಹಳಷ್ಟು ಸಲ ತಪ್ಪು ಅವರದಾಗಿರುವುದಿಲ್ಲ. ಅವರು ಕರಣೆ ಹಿಡಿದು ಒಳಗೆ ಬರುವ ಹೊತ್ತಿಗೆ ಟ್ರ್ಯಾಪ್ (ನೆಲದ ನೀರು ಇಳಿದು ಪೈಪಿಗೆ ಹೋಗುವ ಬಟ್ಟಲು) ಎಲ್ಲಿ ಕೂರಬೇಕು, ಅದರ ಬಾಯಿ ಎಷ್ಟು ಎತ್ತರಕ್ಕಿರಬೇಕು, ಬಾಗಿಲ ಪಟ್ಟಿ ಯಾವ ಮಟ್ಟಕ್ಕಿರಬೇಕು ಎಂಬುದೆಲ್ಲ ಮುಗಿದುಹೋಗಿರುತ್ತದೆ. ಉಳಿದ ಜಾಗದಲ್ಲಿ ಹೇಗೋ ವಾಟ (ನೀರು ಹರಿಯುವ ಇಳಿಜಾರು) ಹೊಂದಿಸಿ ಎಂದರೆ ಅವರಾದರೂ ಏನು ಮಾಡಿಯಾರು? ನೆಲದ ವಾಟ ನಿಗದಿಯಾಗಬೇಕಾದದ್ದು ಟೈಲ್‌ನ ಕೆಳಗೆ, ಪೈಪ್ ಕೂರಿಸುವ ದಿನವೇ. ಟೈಲ್ ಆ ವಾಟವನ್ನು ಅನುಸರಿಸಿದರೆ ಸಾಕು.

ಲೆಕ್ಕ ಸ್ಪಷ್ಟವಾಗಿರಲೆಂದು ನಮ್ಮ ಊರುಗಳಲ್ಲಿ ತೀರಾ ಸಾಮಾನ್ಯವಾದ ಅಳತೆಯೊಂದನ್ನು ಹಿಡಿಯೋಣ: 5 ಅಡಿ ಅಗಲ, 8 ಅಡಿ ಉದ್ದದ ಬಚ್ಚಲುಮನೆ. 5 ಅಡಿಯ ಗೋಡೆಯಲ್ಲಿ ಬಾಗಿಲು, ಒಳಗೆ ಹೋದಂತೆ ವಾಶ್‌ಬೇಸಿನ್, ಕಮೋಡ್, ಕೊನೆಯ 3 ಅಡಿಯಲ್ಲಿ ಶವರ್. ಸ್ಲ್ಯಾಬ್ ಸಂಕನ್ ಸ್ಲ್ಯಾಬ್, ಅಂದರೆ ಪೈಪ್ ಹುದುಗಿಸಲೆಂದು ಸುತ್ತಲಿನದಕ್ಕಿಂತ 9 ಇಂಚು ತಗ್ಗಿಸಿದ್ದು.

ಮೊದಲು ಕಾಗದದ ಮೇಲೆ ವಾಟ

ಓಡಾಡುವ ಒಣ ಜಾಗಕ್ಕೆ 100ಕ್ಕೆ 1ರ ವಾಟ ಸಾಕು, ಅಂದರೆ ಒಂದು ಮೀಟರಿಗೆ 10 ಮಿಲಿಮೀಟರ್ ಇಳಿತ. ಶವರ್ ಜಾಗಕ್ಕೆ 60ರಿಂದ 70ಕ್ಕೆ 1 ಇರಲಿ. 50ಕ್ಕೆ 1ಕ್ಕಿಂತ ಕಡಿದಾದರೆ ಸೋಪಿನ ನೀರಿನಲ್ಲಿ ಕಾಲು ಜಾರುತ್ತದೆ, ಸ್ಟೂಲ್ ಹಾಕಿ ಕೂತರೆ ಅಲುಗಾಡುತ್ತದೆ. ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಹಗುರವಾಗಿ ಎಣಿಸಬೇಡಿ.

ಎಷ್ಟು ಇಳಿತ ಬೇಕೆಂಬುದು ಟ್ರ್ಯಾಪ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. 3 × 5 ಅಡಿಯ ಶವರ್ ಜಾಗದಲ್ಲಿ ಟ್ರ್ಯಾಪ್ ಮೂಲೆಯಲ್ಲಿದ್ದರೆ ಅತಿ ದೂರದ ಬಿಂದು ಸುಮಾರು 1750 ಮಿ.ಮೀ. ಆಚೆ. 60ಕ್ಕೆ 1ರಂತೆ 29 ಮಿ.ಮೀ. ಇಳಿತ ಬೇಕು. ಹಿಂಗೋಡೆಯ ಮಧ್ಯದಲ್ಲಿದ್ದರೆ ದೂರ 1170, ಇಳಿತ 20. ಹಿಂಗೋಡೆಯುದ್ದಕ್ಕೂ ಚಾನೆಲ್ ಡ್ರೈನ್ (ಜಾಲಿ ಮುಚ್ಚಿದ ಉದ್ದನೆಯ ಕಿರುಗಾಲುವೆ) ಹಾಕಿದರೆ ದೂರ 900, ಇಳಿತ 15 ಅಷ್ಟೇ. ಚಾನೆಲ್‌ಗೆ ಇನ್ನೊಂದು ಅನುಕೂಲವಿದೆ: ನೆಲ ಒಂದೇ ದಿಕ್ಕಿಗೆ ವಾಲುವುದರಿಂದ 2 × 2 ಅಡಿಯ ದೊಡ್ಡ ಟೈಲ್ ಅನ್ನೂ ಕತ್ತರಿಸದೆ ಹಾಕಬಹುದು. ಆದರೆ ಚಾನೆಲ್ ಉದ್ದವಿದ್ದ ಮಾತ್ರಕ್ಕೆ ನೀರು ಬೇಗ ಹೋಗುತ್ತದೆ ಎಂದು ತಿಳಿಯಬೇಡಿ. ಅದರ ಅಡಿಯಲ್ಲಿರುವ ಟ್ರ್ಯಾಪ್ ಮತ್ತು ಪೈಪ್ ಎಷ್ಟು ಎಳೆಯುತ್ತವೋ ಅಷ್ಟೇ. ಮೇಲೆ 24 ಇಂಚಿನ ಚಾನೆಲ್, ಕೆಳಗೆ 50 ಮಿ.ಮೀ. ಪೈಪ್ ಇದ್ದರೆ ಖರ್ಚು ದಂಡ.

ಬಕೆಟ್ ಸ್ನಾನವೂ ಶವರ್ ಸ್ನಾನವೂ ಎರಡೂ ನಡೆಯುವ ಸಾಮಾನ್ಯ ಮನೆಗೆ ನಮ್ಮ ಆಯ್ಕೆ ಬಾಗಿಲಿನಿಂದ ದೂರದ ಮೂಲೆಯಲ್ಲಿ ಟ್ರ್ಯಾಪ್, ಇಡೀ ನೆಲ ಒಂದೇ ಹಲಗೆಯಂತೆ ಆ ಮೂಲೆಗೆ ವಾಲುವುದು. ಉದ್ದಕ್ಕೆ 100ಕ್ಕೆ 1ರಂತೆ 24 ಮಿ.ಮೀ., ಅಡ್ಡಕ್ಕೆ 100ಕ್ಕೆ 1ರಂತೆ 15 ಮಿ.ಮೀ., ಒಟ್ಟು 39. ಎರಡು ದಿಕ್ಕಿನ ವಾಟ ಕೂಡಿದಾಗ ನೀರು ಹರಿಯುವ ನಿಜವಾದ ಇಳಿಜಾರು ಸುಮಾರು 70ಕ್ಕೆ 1 ಆಗುತ್ತದೆ. ಟೈಲ್ ಅನ್ನು ಮೂಲೆಯಿಂದ ಮೂಲೆಗೆ ಕತ್ತರಿಸುವ ಗೋಜಿಲ್ಲ. ತೊಂದರೆ ಒಂದೇ: ಕಮೋಡ್ ಕೂರುವ ಜಾಗವೂ ಪಕ್ಕಕ್ಕೆ ವಾಲಿರುವುದರಿಂದ ನೆಲಕ್ಕೆ ಕೂರುವ ಕಮೋಡ್ ಆದರೆ ಅದರ ತಳಕ್ಕೆ ಬಿಳಿ ಸಿಮೆಂಟಿನಲ್ಲಿ ಮಟ್ಟ ಮಾಡಬೇಕು. ಗೋಡೆಗೆ ತೂಗುವ ಕಮೋಡ್ ಆದರೆ ಅದೂ ಇಲ್ಲ.

ಗಾಜಿನ ಪಾರ್ಟಿಶನ್ ಕೆಳಗೆ ಗ್ರಾನೈಟ್ ಪಟ್ಟಿ ಕಟ್ಟುವ ಯೋಚನೆಯಿದ್ದರೆ ಈಗಲೇ ಹೇಳಿಬಿಡಿ. ಪಟ್ಟಿ ಬಂದರೆ ಒಣ ಜಾಗದ ನೀರು ಶವರ್ ಕಡೆಗೆ ದಾಟುವುದಿಲ್ಲ. ಹೆಲ್ತ್ ಫಾಸೆಟ್ ಬಳಸುವ, ವಾರಕ್ಕೊಮ್ಮೆ ನೀರು ಸುರಿದು ತೊಳೆಯುವ ನಮ್ಮ ಮನೆಗಳಲ್ಲಿ ಒಣ ಜಾಗ ಒಣಗಿರುವುದು ಕ್ಯಾಟಲಾಗ್ ಚಿತ್ರದಲ್ಲಿ ಮಾತ್ರ. ಪಟ್ಟಿ ಕಟ್ಟಿದರೆ ಆ ಕಡೆಗೂ ಒಂದು ಟ್ರ್ಯಾಪ್ ಬೇಕೇಬೇಕು.

ತರಿಸಿಡಬೇಕಾದ ಸಾಮಾನು

ಪೈಪ್ ಕೊಳ್ಳುವಾಗ ಎಸ್‌ಡಬ್ಲ್ಯೂಆರ್ (ಮಲ, ಕೊಳಚೆನೀರು, ಮಳೆನೀರು ಸಾಗಿಸುವ ಪಿವಿಸಿ) ಪೈಪ್ ಮೇಲೆ ಭಾರತೀಯ ಮಾನಕದ ಸಂಖ್ಯೆ ಐಎಸ್ 13592 ಎಂದೂ, ಟೈಪ್ ಬಿ ಎಂದೂ ಮುದ್ರೆ ಇದೆಯೇ ನೋಡಿ. ಟೈಪ್ ಎ ತೆಳು. ಅದು ಮಳೆನೀರಿಗೆ, ಗಾಳಿ ಪೈಪಿಗೆ. ಬೆಲೆ ಕಡಿಮೆಯೆಂದು ಅದನ್ನೇ ಬಚ್ಚಲಿಗೆ ಹಾಕುವವರಿದ್ದಾರೆ. ನೆಲದ ಟ್ರ್ಯಾಪಿಗೆ 75 ಮಿ.ಮೀ. ಪೈಪ್, ಕಮೋಡಿಗೆ 110. ಟ್ರ್ಯಾಪ್‌ನಲ್ಲಿ 50 ಮಿ.ಮೀ. ನೀರು ನಿಲ್ಲುವಂಥದ್ದನ್ನೇ ಆರಿಸಿ. ವಾಸನೆ ಮತ್ತು ಜಿರಳೆ ತಡೆಯುವುದು ಆ ನೀರೇ ಹೊರತು ಮೇಲಿನ ಜಾಲಿಯಲ್ಲ. ಅಂಗಡಿಯಲ್ಲೇ ಟ್ರ್ಯಾಪ್‌ನ ಎತ್ತರ ಅಳೆದು ನೋಡಿ. ಹಲವು ಪೈಪುಗಳು ಬಂದು ಸೇರುವ ಮಲ್ಟಿ ಫ್ಲೋರ್ ಟ್ರ್ಯಾಪ್ ಸಾದಾ ನಹಾನಿ (ಬಚ್ಚಲಿನ) ಟ್ರ್ಯಾಪಿಗಿಂತ ಎತ್ತರ, ಸಂಕನ್ ಆಳ ಕಡಿಮೆಯಿದ್ದರೆ ಕೂರುವುದಿಲ್ಲ.

40 ಚದರಡಿಗೆ, ಸರಾಸರಿ 45 ಮಿ.ಮೀ. ದಪ್ಪದ ವಾಟದ ಗಾರೆಗೆ ಸುಮಾರು ಒಂದೂವರೆ ಚೀಲ ಸಿಮೆಂಟು, 6ರಿಂದ 7 ಘನ ಅಡಿ ಎಂ-ಸ್ಯಾಂಡ್ ಬೇಕು. ಅದರ ಕೆಳಗಿನ ತುಂಬುವಿಕೆಗೆ ಇಟ್ಟಿಗೆ ಚೂರು ಅಥವಾ ಹಗುರ ಬ್ಲಾಕಿನ ಚೂರು ಸುಮಾರು 20 ಘನ ಅಡಿ. ಇವುಗಳ ಜೊತೆಗೆ ಪುಡಿ-ದ್ರವ ಬೆರೆಸಿ ಹಚ್ಚುವ ಎರಡು ಭಾಗದ ವಾಟರ್‌ಪ್ರೂಫಿಂಗ್, ಮೂಲೆಗಳಿಗೆ ಫೈಬರ್ ಜಾಲರಿ, ಟೈಲ್ ಅಂಟು, ಟೈಲ್ ಸಂದಿಗೆ ತುಂಬುವ ಎಪಾಕ್ಸಿ ಗ್ರೌಟ್. ಉಪಕರಣಗಳಲ್ಲಿ ರಸಮಟ್ಟ, 6 ಅಡಿಯ ಅಲ್ಯೂಮಿನಿಯಂ ಮಟ್ಟಗೋಲು, ದಾರ, ಟ್ಯೂಬ್ ಲೆವೆಲ್ (ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಕೊಳವೆ) ಇರಲೇಬೇಕು. ಟ್ಯೂಬ್ ಲೆವೆಲ್‌ನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡಿದ್ದರೆ ಮಟ್ಟ ಸುಳ್ಳು ಹೇಳುತ್ತದೆ. ನೀರು ತುಂಬಿದ ಮೇಲೆ ಎರಡೂ ತುದಿ ಒಟ್ಟಿಗೆ ಹಿಡಿದು ಸಮನಾಗಿ ನಿಲ್ಲುತ್ತದೆಯೇ ನೋಡಿ ಶುರು ಮಾಡಿ.

ಹಂತ 1: ತಗ್ಗಿಸಿದ ಸ್ಲ್ಯಾಬ್

ಪೈಪ್ ಬರುವ ಮೊದಲೇ ಸ್ಲ್ಯಾಬನ್ನು ಕೆರೆದು, ಗುಡಿಸಿ, ತೊಳೆದು ಒಮ್ಮೆ ವಾಟರ್‌ಪ್ರೂಫ್ ಮಾಡಿ. ಗೋಡೆ ಮತ್ತು ಸ್ಲ್ಯಾಬ್ ಕೂಡುವ ಮೂಲೆಗೆ 1:3 ಗಾರೆಯಲ್ಲಿ (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು) ಎರಡಿಂಚಿನ ದುಂಡನೆಯ ಅಂಚು ಕಟ್ಟಿ, ಒಣಗಿದ ಮೇಲೆ ಎರಡು ಕೋಟ್ ಹಚ್ಚಿ. ಎರಡನೆಯದು ಮೊದಲಿನದಕ್ಕೆ ಅಡ್ಡ ದಿಕ್ಕಿನಲ್ಲಿರಲಿ.

ಸ್ಲ್ಯಾಬ್ ಮಟ್ಟದಲ್ಲೇ ಹೊರಗೋಡೆಗೆ ಅಥವಾ ಡಕ್ಟಿಗೆ (ಪೈಪುಗಳು ಇಳಿಯುವ ಕಿಂಡಿಗೆ) ಬಾಯಿ ತೆರೆಯುವಂತೆ ಒಂದಿಂಚಿನ ಪೈಪಿನ ತುಂಡೊಂದನ್ನು ಕೂರಿಸಿ. ಇದನ್ನು ಸ್ಪೌಟ್ ಎನ್ನುತ್ತಾರೆ. ಒಳಬಾಯಿಯ ಸುತ್ತ ಜಲ್ಲಿ ಇಟ್ಟು ಜಾಲರಿ ಮುಚ್ಚಿ. ಮುಂದೆಂದಾದರೂ ಒಳಗೆ ಪೈಪ್ ಸೋರಿದರೆ ನೀರು ಕೆಳಗಿನ ಮನೆಯ ಸೀಲಿಂಗ್‌ಗೆ ಇಳಿಯುವ ಮೊದಲು ಇಲ್ಲಿ ತೊಟ್ಟಿಕ್ಕುತ್ತದೆ, ನಿಮಗೆ ಸುಳಿವು ಸಿಗುತ್ತದೆ. ಬಣ್ಣ ಹೊಡೆಯುವವರು ಇದನ್ನು ಪುಟ್ಟಿ ಮೆತ್ತಿ ಮುಚ್ಚಿಬಿಡುವುದುಂಟು, ಗಮನಿಸಿ.

ಹಂತ 2: ಟ್ರ್ಯಾಪ್ ಮತ್ತು ಪೈಪ್

ಪೈಪಿಗೆ 50ಕ್ಕೆ 1ರ ಇಳಿತ ಕೊಡಿ: ಪ್ರತಿ ಮೀಟರಿಗೆ 20 ಮಿ.ಮೀ. ಪೈಪ್ ಇಟ್ಟಿಗೆ ಚೂರಿನ ಮೇಲೆ ತೇಲದಂತೆ ಪ್ರತಿ ಎರಡು ಅಡಿಗೊಂದು ಗಾರೆಯ ದಿಮ್ಮಿ ಕಟ್ಟಿ. ತುಂಬುವಾಗ ಪೈಪ್ ನಡುವೆ ಜಗ್ಗಿದರೆ ಆ ತಗ್ಗಿನಲ್ಲಿ ಕೂದಲು, ಸೋಪಿನ ಜಿಡ್ಡು ಸೇರುತ್ತ ಹೋಗುತ್ತವೆ. ರಬ್ಬರ್ ರಿಂಗ್ ಜಾಯಿಂಟ್ ಆದರೆ ಪೈಪನ್ನು ಪೂರ್ತಿ ಒಳಗೆ ತಳ್ಳಿ ಗುರುತು ಹಾಕಿ, 10 ಮಿ.ಮೀ. ಹೊರಗೆಳೆಯಿರಿ. ಬಿಸಿನೀರಿಗೆ ಪೈಪ್ ಹಿಗ್ಗಲು ಆ ಜಾಗ ಬೇಕು. ತಿರುವುಗಳಲ್ಲಿ ಒಂದು 90 ಡಿಗ್ರಿ ಬೆಂಡ್ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿ. ನೆಲದ ಟ್ರ್ಯಾಪಿನ ಪೈಪನ್ನು ಸಂಕನ್ ಒಳಗೇ ಕಮೋಡ್ ಪೈಪಿಗೆ ಸೇರಿಸುವುದು ಬೇಡ. ಕಮೋಡಿನ ನೀರು ರಭಸದಿಂದ ಹೋಗುವಾಗ ಟ್ರ್ಯಾಪಿನ ನೀರನ್ನೂ ಹೀರಿಕೊಂಡು ಹೋಗಬಹುದು. ಆಮೇಲೆ ‘ಗೊಳ್’ ಎಂಬ ಸದ್ದು, ಹಿಂದೆಯೇ ವಾಸನೆ.

ಟ್ರ್ಯಾಪಿನ ನಡುಬಿಂದು ಎರಡೂ ಗೋಡೆಯ ಟೈಲ್ ಮುಖದಿಂದ 6 ಇಂಚು ಒಳಗಿರಲಿ. ತೀರಾ ಗೋಡೆಗೆ ಒತ್ತಿದರೆ ಜಾಲಿ ಕೂರುವುದಿಲ್ಲ, ಕೈಹಾಕಿ ತೊಳೆಯಲಾಗುವುದಿಲ್ಲ. ಟ್ರ್ಯಾಪಿನಿಂದ ಮೇಲೇಳುವ 110 ಮಿ.ಮೀ. ತುಂಡನ್ನು ಈಗ ಕತ್ತರಿಸಬೇಡಿ. ಒಂದಡಿ ಉದ್ದವಾಗಿಯೇ ಬಿಟ್ಟು, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಗಾರೆ ಕೆಲಸ ನಡೆಯುವಾಗ ಒಳಗೆ ಬೀಳುವ ಸಿಮೆಂಟು ಟ್ರ್ಯಾಪಿನಲ್ಲೇ ಕಲ್ಲಾಗುತ್ತದೆ. ಹೊಸ ಮನೆಯಲ್ಲಿ ಮೊದಲ ದಿನದಿಂದಲೇ ನೀರು ನಿಧಾನವಾಗಿ ಹೋಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಪೈಪ್ ಮುಚ್ಚುವ ಮೊದಲು ಹೊರತುದಿಗೆ ಬಿರಡೆ ಹಾಕಿ, ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಮಟ್ಟ ಇಳಿದಿರಬಾರದು. ಎಲ್ಲ ಪೈಪಿನ ಫೋಟೋ ಗೋಡೆಯಿಂದ ಟೇಪ್ ಹಿಡಿದೇ ತೆಗೆದಿಟ್ಟುಕೊಳ್ಳಿ.

ಹಂತ 3: ತುಂಬುವುದು

ಒಡೆದ ಗೋಡೆಯ ಮಣ್ಣು, ಸುಣ್ಣದ ಪುಡಿ, ಮರದ ತುಂಡು ಬೇಡ. ಇಟ್ಟಿಗೆ ಚೂರನ್ನು ನೀರಿನಲ್ಲಿ ನೆನೆಸಿ, ತೆಳುಗಾರೆಯೊಂದಿಗೆ ಪದರ ಪದರವಾಗಿ ತುಂಬಿ, ದಿಮ್ಮಸು ಹಾಕಿ. ಸಡಿಲವಾಗಿ ತುಂಬಿದರೆ ವರ್ಷದೊಳಗೆ ನೆಲ ಕುಸಿಯುತ್ತದೆ, ಅದರ ಜೊತೆ ವಾಟವೂ.

ಹಂತ 4: ವಾಟದ ಗಾರೆ

ಇಡೀ ಕೆಲಸದ ಜೀವಾಳ ಇದು. ಮೇಸ್ತ್ರಿಗಳು ‘ಟೈಲ್ ಹಾಕುವಾಗ ವಾಟ ಕೊಡ್ತೀವಿ ಬಿಡಿ ಸಾರ್’ ಎನ್ನುತ್ತಾರೆ. ಒಪ್ಪಬೇಡಿ. ಟೈಲ್ ಸಂದಿನಿಂದ ಸ್ವಲ್ಪವಾದರೂ ನೀರು ಕೆಳಗಿಳಿಯುತ್ತದೆ. ವಾಟರ್‌ಪ್ರೂಫ್ ಪದರ ಮಟ್ಟವಾಗಿದ್ದರೆ ಆ ನೀರು ಟೈಲಿನಡಿಯೇ ಕೊಳೆಯುತ್ತದೆ. ಸಂದು ಕಪ್ಪಾಗುವುದು, ಟೈಲಿನಂಚಿನಲ್ಲಿ ಬಿಳಿ ಉಪ್ಪು ಏಳುವುದು ಅದರಿಂದಲೇ. ವಾಟ ವಾಟರ್‌ಪ್ರೂಫಿಂಗ್‌ನ ಕೆಳಗೆ ಇದ್ದರೆ ಆ ನೀರೂ ಟ್ರ್ಯಾಪಿನ ಕಡೆಗೇ ಸರಿಯುತ್ತದೆ.

ಕೋಣೆಯ ಮುಗಿದ ನೆಲದಿಂದ ಸರಿಯಾಗಿ ಒಂದು ಮೀಟರ್ ಮೇಲೆ, ಬಚ್ಚಲುಮನೆಯ ನಾಲ್ಕೂ ಗೋಡೆಗೆ ಟ್ಯೂಬ್ ಲೆವೆಲ್‌ನಿಂದ ಗೆರೆ ಎಳೆಯಿರಿ. ಇನ್ನು ಮುಂದೆ ಎಲ್ಲ ಅಳತೆ ಈ ಗೆರೆಯಿಂದ ಕೆಳಕ್ಕೆ. ಬಚ್ಚಲಿನ ನೆಲ ಕೋಣೆಗಿಂತ ಕನಿಷ್ಠ 15 ಮಿ.ಮೀ. ತಗ್ಗು ಎಂದಿಟ್ಟುಕೊಂಡರೆ ಟೈಲ್ ಮೇಲ್ಮೈಯ ಅಳತೆ ಹೀಗೆ ಬರುತ್ತದೆ:

ಬಾಗಿಲ ಗೋಡೆಯ, ಟ್ರ್ಯಾಪಿಗೆ ಎದುರು ಬದಿಯ ಮೂಲೆ: 1015 ಮಿ.ಮೀ.
ಬಾಗಿಲ ಗೋಡೆಯ, ಟ್ರ್ಯಾಪ್ ಬದಿಯ ಮೂಲೆ: 1030
ಹಿಂಗೋಡೆಯ, ಟ್ರ್ಯಾಪಿಗೆ ದೂರದ ಮೂಲೆ: 1039
ಟ್ರ್ಯಾಪಿನ ಮೂಲೆ: 1054

ಟೈಲ್ 10, ಅಂಟು 5 ಮಿ.ಮೀ. ಎಂದು ಹಿಡಿದರೆ ಗಾರೆಯ ಮೇಲ್ಮೈ ಎಲ್ಲ ಕಡೆಯೂ ಇದಕ್ಕಿಂತ 15 ಕೆಳಗೆ: 1030, 1045, 1054, 1069. ಈ ನಾಲ್ಕು ಅಂಕಿಗಳನ್ನು ಆಯಾ ಮೂಲೆಯ ಗೋಡೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ನಾಲ್ಕು ಮೂಲೆಗೂ ಗಾರೆಯ ಮೇಲೆ ಟೈಲ್ ಚೂರು ಕೂರಿಸಿ ಈ ಮಟ್ಟಕ್ಕೆ ತನ್ನಿ, ದಾರ ಕಟ್ಟಿ ನಡುವೆ ಇನ್ನೆರಡು ಚೂರು ಇಡಿ.

ಗಾರೆ 1:4. ನೀರು ಕಡಿಮೆ: ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ನೀರು ಜಿನುಗಬಾರದು. ತೆಳ್ಳಗಾದರೆ ವಾಟ ತಾನಾಗಿಯೇ ಮಟ್ಟವಾಗಿಬಿಡುತ್ತದೆ. ಕೆಳಗಿನ ಪದರಕ್ಕೆ ಸಿಮೆಂಟು ಹಾಲು ಸವರಿ, ಗಾರೆ ಹಾಕಿ, ಒತ್ತಿ, ಮಟ್ಟಗೋಲನ್ನು ಚೂರುಗಳ ಮೇಲೆ ಜಾರಿಸುತ್ತ ಎತ್ತರದಿಂದ ತಗ್ಗಿನ ಕಡೆಗೆ ಎಳೆಯಿರಿ. ತೀರಾ ತೆಳುವಾದ ಕಡೆಯೂ 25 ಮಿ.ಮೀ. ದಪ್ಪವಿರಲಿ. ಕರಣೆಯಿಂದ ನುಣುಪು ಮಾಡುವ ಮೋಹ ಬೇಡ, ಮರದ ತಟ್ಟಿನಿಂದ ಉಜ್ಜಿದರೆ ಸಾಕು.

ಟ್ರ್ಯಾಪಿನ ನಡುಬಿಂದು ಗೋಡೆಯಿಂದ 6 ಇಂಚು ಒಳಗಿದೆಯಲ್ಲ, ಜಾಲಿಯ ಹಿಂದೆ ಗೋಡೆಯವರೆಗೆ ಉಳಿಯುವ ಮೂರು ಇಂಚಿನ ಪಟ್ಟಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೆಲದ ವಾಟ ಮುಂದುವರಿದರೆ ನೀರು ಜಾಲಿಯನ್ನು ದಾಟಿ ಆ ಮೂಲೆಯಲ್ಲಿ ಕೂರುತ್ತದೆ. ಅಲ್ಲಿ ಗಾರೆಯನ್ನು ಗೋಡೆಯ ಕಡೆಗೆ 3ರಿಂದ 4 ಮಿ.ಮೀ. ಏರಿಸಿ, ಜಾಲಿಗೆ ಹಿಂದಕ್ಕೆ ಇಳಿಯುವಂತೆ ಮಾಡಿ. 1069 ಎಂಬ ಅಳತೆ ನಿಜವಾಗಿ ಸಿಗಬೇಕಾದ್ದು ಜಾಲಿಯ ಅಂಚಿನಲ್ಲಿ.

ಗಾರೆ ಬಿಗಿದ ಮೇಲೆ ಟ್ರ್ಯಾಪಿನ ಉದ್ದ ತುಂಡನ್ನು ಗಾರೆಯ ಮಟ್ಟಕ್ಕೆ ಕತ್ತರಿಸಿ. ಇದನ್ನು ಮೊದಲೇ ಕತ್ತರಿಸಿ 5 ಮಿ.ಮೀ. ಎತ್ತರ ಉಳಿದರೂ ಟೈಲ್ ಮೇಸ್ತ್ರಿ ಜಾಲಿಯನ್ನು ಎತ್ತಬೇಕಾಗುತ್ತದೆ, ಜಾಲಿಯ ಸುತ್ತ ಬಳೆಯಂತೆ ನೀರು ನಿಲ್ಲುತ್ತದೆ. ಕತ್ತರಿಸಿದ ಪೈಪಿನ ಹೊರಮೈಯನ್ನು ಎಮರಿ ಕಾಗದದಿಂದ ಒರಟು ಮಾಡಿ. ನುಣುಪಾದ ಪಿವಿಸಿಗೆ ವಾಟರ್‌ಪ್ರೂಫಿಂಗ್ ಅಂಟುವುದಿಲ್ಲ. ಸುತ್ತಲ ಸಂದಿಗೆ ಕುಗ್ಗದ ಗ್ರೌಟ್ ತುಂಬಿ.

ಮೂರು ದಿನ ನೀರುಣಿಸಿ. ನಾಲ್ಕನೆಯ ದಿನ ಬಾಗಿಲ ಬಳಿ ಒಂದು ಬಕೆಟ್ ನೀರು ಸುರಿದು ನೋಡಿ. ನಿಂತ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಒಣಗಿದ ಮೇಲೆ ಅಲ್ಲಿ ಪಾಲಿಮರ್ ಬೆರೆಸಿದ ತೆಳುಗಾರೆ ಮೆತ್ತಿ. ಇಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ, ಟೈಲ್ ಹಾಕಿದ ಮೇಲೆ ಒಡೆಯುವ ಕೆಲಸವಾಗುತ್ತದೆ.

ಹಂತ 5: ಎರಡನೇ ವಾಟರ್‌ಪ್ರೂಫಿಂಗ್, ನೀರು ಕಟ್ಟುವುದು

ಮೂಲೆಗಳಿಗೆ, ಟ್ರ್ಯಾಪಿನ ಬಾಯಿಯ ಸುತ್ತ ಫೈಬರ್ ಜಾಲರಿ ಅಂಟಿಸಿ ಎರಡು ಕೋಟ್ ಹಚ್ಚಿ. ಗೋಡೆಗೆ ಎಲ್ಲ ಕಡೆ ಒಂದಡಿ, ಶವರ್ ಗೋಡೆಗೆ 6ರಿಂದ 7 ಅಡಿ ಎತ್ತರ. ಲೇಪವನ್ನು ಟ್ರ್ಯಾಪಿನ ಬಾಯಿಯೊಳಕ್ಕೂ ಒಂದಿಂಚು ಇಳಿಸಿ. ಗಾರೆಯ ಮೇಲೆ ಟೈಲ್ ಕೂರಿಸುವವರಾದರೆ ಎರಡನೇ ಕೋಟ್ ಹಸಿಯಿರುವಾಗಲೇ ದಪ್ಪ ಮರಳು ಉದುರಿಸಿ, ಹಿಡಿತ ಸಿಗುತ್ತದೆ.

ಡಬ್ಬದ ಮೇಲೆ ಹೇಳಿದಷ್ಟು ದಿನ ಒಣಗಿಸಿ, ಟ್ರ್ಯಾಪಿಗೆ ಬಿರಡೆ ಹಾಕಿ, ಬಾಗಿಲಿಗೆ ತಾತ್ಕಾಲಿಕ ಕಟ್ಟೆ ಕಟ್ಟಿ, ಎರಡಿಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಪಕ್ಕದಲ್ಲೇ ಒಂದು ಬಕೆಟ್ಟಿನಲ್ಲೂ ನೀರಿಟ್ಟು ಗುರುತು ಹಾಕಿ. ಬಕೆಟ್ಟಿನಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದರೆ ಅದು ಆವಿ. ಹೆಚ್ಚು ಇಳಿದರೆ ಸೋರಿಕೆ. ಕೆಳಗಿನ ಸೀಲಿಂಗನ್ನೂ ಸ್ಪೌಟ್ ಬಾಯಿಯನ್ನೂ ನೋಡಿ.

ಹಂತ 6: ಟೈಲ್ಸ್

ನೆಲಕ್ಕೆ ಮ್ಯಾಟ್ ಅಥವಾ ಆಂಟಿಸ್ಕಿಡ್ ಟೈಲ್, 12 × 12 ಇಂಚು. ಗೋಡೆಯ ಕೊನೆಯ ಸಾಲನ್ನು ಬಿಟ್ಟು ಮೇಲಿನದನ್ನೆಲ್ಲ ಮೊದಲು ಮುಗಿಸಿ, ಆಮೇಲೆ ನೆಲ, ಕೊನೆಗೆ ಆ ಸಾಲು. ನೆಲ ವಾಲಿರುವುದರಿಂದ ಕೆಳಸಾಲಿನ ಟೈಲುಗಳನ್ನು ಓರೆಯಾಗಿ ಕತ್ತರಿಸಬೇಕಾಗುತ್ತದೆ. ಜೊತೆಗೆ ಗೋಡೆಯ ಟೈಲ್ ನೆಲದ ಟೈಲಿನ ಮೇಲೆ ಕೂತರೆ ಇಳಿಯುವ ನೀರು ಸಂದಿಗೆ ಹೋಗದೆ ನೆಲಕ್ಕೆ ಬೀಳುತ್ತದೆ.

ಜಾಲಿಯ ಚೌಕಟ್ಟನ್ನು ಮೊದಲು ಕೂರಿಸಿ, ಸುತ್ತಲ ಟೈಲಿಗಿಂತ 2 ಮಿ.ಮೀ. ತಗ್ಗಿರುವಂತೆ. ಟೈಲಿನ ಸಾಲು ಅಲ್ಲಿಂದಲೇ ಶುರುವಾಗಲಿ. ಹಲ್ಲಿನ ಕರಣೆಯಿಂದ ಅಂಟನ್ನು ಪೂರ್ತಿ ಹರಡಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತಿದರೆ ನಡುವೆ ಟೊಳ್ಳು ಉಳಿಯುತ್ತದೆ, ಆ ಟೊಳ್ಳಿನಲ್ಲಿ ನೀರು ಸೇರುತ್ತದೆ. ಮೊದಲ ಕೆಲವು ಟೈಲ್ ಕೂರಿಸಿದ ಮೇಲೆ ಒಂದನ್ನು ಎಬ್ಬಿಸಿ ಹಿಂಬದಿ ನೋಡಿ. ಸಂದು 2ರಿಂದ 3 ಮಿ.ಮೀ.; ಸಂದಿಲ್ಲದೆ ಒತ್ತಿ ಜೋಡಿಸುವುದು ಬೇಡ. ಕನಿಷ್ಠ 24 ಗಂಟೆ ಬಿಟ್ಟು ಎಪಾಕ್ಸಿ ಗ್ರೌಟ್ ತುಂಬಿ. ಬೋರ್‌ವೆಲ್ಲಿನ ಗಡಸು ನೀರು ಬರುವ ಮನೆಯಲ್ಲಿ ಎಪಾಕ್ಸಿಗೆ ಕೊಡುವ ದುಡ್ಡು ವ್ಯರ್ಥವಲ್ಲ, ಏಕೆಂದರೆ ಉಪ್ಪಿನ ಕಲೆ ತೆಗೆಯಲು ಆಸಿಡ್ ಬಳಸಿದಾಗಲೆಲ್ಲ ಸಿಮೆಂಟ್ ಗ್ರೌಟ್ ಕರಗಿ ಹೋಗುತ್ತದೆ.

ಗ್ರೌಟ್ ತುಂಬುವ ಮೊದಲು ಮಟ್ಟಗೋಲಿಟ್ಟು ವಾಟ ನೋಡಿ, ತುಂಬಿ ಗಟ್ಟಿಯಾದ ಮೇಲೆ ನೀರು ಸುರಿದು ನೋಡಿ. ಬಾಗಿಲ ಬಳಿ ಒಂದು ಬಕೆಟ್, ಶವರ್ ಕೆಳಗೆ ಇನ್ನೊಂದು. ಐದು ನಿಮಿಷದ ಮೇಲೆ ತೆಳುಪದರದ ಹನಿಗಳಿದ್ದರೆ ಚಿಂತೆಯಿಲ್ಲ, ಒರಟು ಟೈಲ್ ಅಷ್ಟನ್ನು ಹಿಡಿದೇ ಹಿಡಿಯುತ್ತದೆ. ಬೆರಳಿಟ್ಟರೆ ಉಗುರಿನ ಬುಡ ಮುಳುಗುವಷ್ಟು ನಿಂತಿದ್ದರೆ ಕೊನೆಯ ಕಂತು ಕೊಡುವ ಮೊದಲೇ ಮಾತಾಡಿ.

ಈಗಾಗಲೇ ನೀರು ನಿಲ್ಲುತ್ತಿರುವ ಹಳೆಯ ಬಚ್ಚಲು

ಒಡೆಯುವ ಮೊದಲು ರೋಗ ಯಾವುದೆಂದು ತಿಳಿಯಿರಿ. ನೀರು ಜಾಲಿಯ ಬಳಿಗೆ ಬಂದು ಒಳಗೆ ಇಳಿಯಲು ತಡವಾಗುತ್ತಿದ್ದರೆ ವಾಟ ಸರಿಯಿದೆ, ಟ್ರ್ಯಾಪ್ ಕಟ್ಟಿಕೊಂಡಿದೆ. ಜಾಲಿ ಎತ್ತಿ, ಒಳಗಿನ ಬಟ್ಟಲು ತೆಗೆದು, ಗ್ಲೌಸ್ ಹಾಕಿ ಕೂದಲು ಎಳೆದು ತೆಗೆಯಿರಿ. ಕುದಿಯುವ ನೀರನ್ನು ಹಾಗೇ ಸುರಿಯಬೇಡಿ, ಪಿವಿಸಿ ಮೆತ್ತಗಾಗುತ್ತದೆ. ಮಲೆನಾಡಿನ ಮನೆಗಳಂತೆ ಬಚ್ಚಲಿನಲ್ಲೇ ಹಂಡೆಯ ಒಲೆ ಇದ್ದರೆ ಬೂದಿಯನ್ನು ನೀರಿನಲ್ಲಿ ಗುಡಿಸಿ ಟ್ರ್ಯಾಪಿಗೆ ಬಿಡುವುದನ್ನು ನಿಲ್ಲಿಸಿ. ಸೋಪಿನ ಜಿಡ್ಡಿನೊಂದಿಗೆ ಸೇರಿ ಅದು ಗಟ್ಟಿ ಕೆಸರಾಗುತ್ತದೆ.

ನೀರು ಜಾಲಿಯವರೆಗೆ ಬರುವುದೇ ಇಲ್ಲವೆಂದರೆ ವಾಟದ ದೋಷ. ಒಂದೇ ಕಡೆ ಗುಂಡಿಯಾಗಿದ್ದರೆ ಅಲ್ಲಿನ ನಾಲ್ಕಾರು ಟೈಲ್ ತೆಗೆದು ಸರಿಮಾಡಬಹುದು, ಆದರೆ ಒಡೆದ ಜಾಗದಲ್ಲಿ ವಾಟರ್‌ಪ್ರೂಫಿಂಗನ್ನು ಹಳೆಯದರ ಮೇಲೆ ನಾಲ್ಕಿಂಚು ಹತ್ತುವಂತೆ ಮತ್ತೆ ಹಚ್ಚಲೇಬೇಕು. ಇಡೀ ನೆಲ ಮಟ್ಟವಾಗಿದ್ದರೆ ಟೈಲ್ ಮೇಲೆ ಟೈಲ್ ಹಾಕುವ ದಾರಿಯಿದೆ. ಅದಕ್ಕೆ ಬಾಗಿಲ ಪಟ್ಟಿಯ ಕೆಳಗೆ ಜಾಗ ಬೇಕು: ಜಾಲಿಯ ಬಳಿ 15, ಮೇಲಿನ ಮೂಲೆಯಲ್ಲಿ 39 ಸೇರಿ 54 ಮಿ.ಮೀ. ಅಷ್ಟಿಲ್ಲದಿದ್ದರೆ ಆ ಉಪಾಯ ಬಿಡಿ, ನೀರು ಕೋಣೆಗೆ ನುಗ್ಗುತ್ತದೆ. ಹಾಕುವುದಾದರೆ ಟ್ರ್ಯಾಪಿನ ಬಾಯಿಗೆ ತುಂಡು ಸೇರಿಸಿ ಎತ್ತರಿಸುವುದನ್ನು ಮರೆಯಬಾರದು. ಇಲ್ಲದಿದ್ದರೆ ಹಳೆಯ ಮತ್ತು ಹೊಸ ಟೈಲಿನ ನಡುವೆ ನೀರು ಹರಡಿಕೊಳ್ಳುತ್ತದೆ.

ನೆಲದಲ್ಲಿ ನೀರು ನಿಲ್ಲದೆಯೂ ಕೆಳಗಿನ ಸೀಲಿಂಗ್ ಒದ್ದೆಯಾದರೆ ಅದು ಪೈಪ್ ಅಥವಾ ವಾಟರ್‌ಪ್ರೂಫಿಂಗ್ ಸಮಸ್ಯೆ, ವಾಟದ್ದಲ್ಲ. ಮಳೆ ಜೋರಾದಾಗ ಮಾತ್ರ ನೆಲಮಹಡಿಯ ಜಾಲಿಯಿಂದ ನೀರು ಮೇಲೆ ಉಕ್ಕಿದರೆ ಹೊರಗಿನ ಚೇಂಬರ್ ಅಥವಾ ಯುಜಿಡಿ (ಊರಿನ ಒಳಚರಂಡಿ) ತುಂಬಿದೆ. ಚೇಂಬರ್ ತೆಗೆಸಿ ಶುಚಿ ಮಾಡಿಸಿ, ಮನೆಯ ಕೊನೆಯ ಚೇಂಬರಿನ ಬಳಿ ಹಿಮ್ಮುಖ ತಡೆಯುವ ವಾಲ್ವ್ ಹಾಕಿಸಿ. ಬಳಸದ ಅತಿಥಿ ಕೋಣೆಯ ಬಚ್ಚಲು ನಾರುತ್ತಿದ್ದರೆ ಟ್ರ್ಯಾಪಿನ ನೀರು ಆರಿಹೋಗಿದೆ ಎಂದರ್ಥ: ಎರಡು ಚೊಂಬು ನೀರು ಸುರಿದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಆರುವುದು ನಿಧಾನವಾಗುತ್ತದೆ.